ಡಿ'ಸೋಜರ ಹೆಸರಿಗೆ ನಿಂತುಹೋಗುವ ಪ್ರೋಗ್ರಾಂ

ಮಂಗಳೂರಿನ ಬಿಜೈಯಲ್ಲಿ ಯಾವ ಪಟ್ಟಿ ತೆಗೆದರೂ ಅದರಲ್ಲಿ ಒಬ್ಬರಾದರೂ ಡಿ'ಸೋಜ ಇರುತ್ತಾರೆ. ಶಾಲೆಯ ಹಾಜರಿ ಇರಲಿ, ಕ್ಲಿನಿಕ್ಕಿನ ಟೋಕನ್ ಪುಸ್ತಕ ಇರಲಿ, ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಲೆಕ್ಕ ಇರಲಿ, ಡಿ'ಸೋಜರ ಹಿಂದೆಯೇ ಡಿ'ಸಿಲ್ವ, ಡಿ'ಮೆಲ್ಲೊ, ಡಿ'ಕುನ್ಹ ಸಾಲಾಗಿ ಬರುತ್ತಾರೆ. ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯಲು ಈಗಷ್ಟೇ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ನಮ್ಮಲ್ಲಿ ಮೊದಲ ದೊಡ್ಡ ಪಾಠ ಸಿಗುವುದು ಈ ಹೆಸರುಗಳಿಂದ.

ಬಿಜೈ ಚರ್ಚಿನಿಂದ ಕಾಪಿಕಾಡಿನ ಕಡೆ ಹೋಗುವ ದಾರಿಯ ಒಂದು ಮಹಡಿ ಕೋಣೆಯಲ್ಲಿ ನಾನು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಹೆಚ್ಚಾಗಿ ಬರುವವರು ಬಿಸಿಎ, ಡಿಪ್ಲೊಮಾ ಮಕ್ಕಳು. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ ಹತ್ತಿರವಾದ್ದರಿಂದ ಪುತ್ತೂರು, ಬಂಟ್ವಾಳದಿಂದಲೂ ಬರುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟ್ ಸಾಮಾನ್ಯವಾಗಿ ಒಂದು ಅಂಗಡಿಯ ಬಿಲ್ಲಿಂಗ್, ಒಂದು ಲೈಬ್ರರಿ, ಇಲ್ಲವೇ ಶಾಲೆಯ ಫೀಸು. ಬರೆಯುವುದು ವಿಬಿ ಡಾಟ್ ನೆಟ್ ಅಥವಾ ಸಿ ಶಾರ್ಪ್‌ನಲ್ಲಿ, ಫಾರ್ಮಿನ ಹಿಂದೆ ಆ್ಯಕ್ಸೆಸ್ ಅಥವಾ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್. ಮಾತು ಶುರುವಾಗುವ ರೀತಿ ಮಾತ್ರ ಎಲ್ಲರದೂ ಒಂದೇ.

"ಮೇಡಂ, ಎರರ್ ಬರ್ತಾ ಉಂಟು."

"ಎಂತ ಎರರ್?"

"ಎಂತದೋ ಒಂದು ಬಾಕ್ಸ್ ಬಂತು. ಓಕೆ ಒತ್ತಿದೆ, ಹೋಯ್ತು."

ಆ ಬಾಕ್ಸ್ ಮತ್ತೆ ಬರುವವರೆಗೆ ನಾನು ಕೋಡಿನ ಒಂದು ಸಾಲನ್ನೂ ನೋಡುವುದಿಲ್ಲ. ಬಂದ ಮೇಲೆ ಅದರಲ್ಲಿರುವುದನ್ನು ಪೂರ್ತಿ ಓದಿಸುತ್ತೇನೆ, ನೋಟ್ ಪುಸ್ತಕದಲ್ಲಿ ಬರೆಸುತ್ತೇನೆ, ಏನು ಟೈಪ್ ಮಾಡಿ ಯಾವ ಬಟನ್ ಒತ್ತಿದಾಗ ಬಂತು ಎಂದು ಅದರ ಕೆಳಗೇ ಬರೆಸುತ್ತೇನೆ. ಮಕ್ಕಳಿಗೆ ಇದು ಬೇಸರದ ಕೆಲಸ. ಅವರಿಗೆ ಬೇಕಾಗಿರುವುದು ಸರಿಯಾದ ಕೋಡು, ಅದೂ ಈಗಲೇ. ಆದರೆ ಕಲಿಯುವವರ ತೊಂದರೆಗಳಲ್ಲಿ ಹೆಚ್ಚಿನವು ಗೊತ್ತಿಲ್ಲದ್ದರಿಂದ ಹುಟ್ಟಿದವಲ್ಲ. ಪ್ರೋಗ್ರಾಮಿನ ಕೈಯಲ್ಲಿ ಆ ಕ್ಷಣಕ್ಕೆ ಏನಿದೆ ಎಂದು ನೋಡುವ ಮೊದಲೇ ಊಹೆ ಮಾಡಿ ತಿದ್ದಲು ಹೊರಡುವುದರಿಂದ ಹುಟ್ಟಿದವು.

ಡಿ'ಸೋಜರ ವಿಷಯವನ್ನೇ ನೋಡಿ. ಹೊಸಬರು ಎಸ್‌ಕ್ಯೂಎಲ್ ವಾಕ್ಯವನ್ನು ತುಂಡು ತುಂಡಾಗಿ ಜೋಡಿಸುತ್ತಾರೆ: ಮೊದಲು 'ಇನ್ಸರ್ಟ್ ಇನ್‌ಟು' ಭಾಗ, ಅದಕ್ಕೆ ಅಂಟಿದಂತೆ ಒಂದು ಒಂಟಿ ಉದ್ಧರಣ ಚಿಹ್ನೆ, ನಂತರ ಟೆಕ್ಸ್ಟ್‌ಬಾಕ್ಸಿನಲ್ಲಿದ್ದ ಹೆಸರು, ಆಮೇಲೆ ಮತ್ತೊಂದು ಚಿಹ್ನೆ. ಶೆಟ್ಟಿ, ಭಟ್, ಪೂಜಾರಿ, ಪಿಂಟೊ ಎಂದು ಟೈಪ್ ಮಾಡಿ ಪರೀಕ್ಷಿಸಿದಾಗ ಎಲ್ಲವೂ ಸರಾಗ. ಇಂಗ್ಲಿಷಿನಲ್ಲಿ ಡಿ'ಸೋಜ ಎಂದು ಹಾಕಿದ ಕೂಡಲೇ ನಿಂತುಹೋಗುತ್ತದೆ. ಡಿ ಅಕ್ಷರದ ನಂತರದ ಅಪಾಸ್ಟ್ರಫಿಯನ್ನು ಡೇಟಾಬೇಸ್ ಹೆಸರಿನ ಭಾಗ ಎಂದು ತಿಳಿಯುವುದಿಲ್ಲ, ಹೆಸರು ಅಲ್ಲಿಗೆ ಮುಗಿಯಿತು ಎಂದು ತಿಳಿಯುತ್ತದೆ. ಉಳಿದ 'ಸೋಜ' ಅದಕ್ಕೆ ಅರ್ಥವಾಗದ ಆಜ್ಞೆ. ಎಸ್‌ಕ್ಯೂಎಲ್ ಸರ್ವರ್ ಇದನ್ನು ಬಾಯಿಬಿಟ್ಟು ಹೇಳುತ್ತದೆ: ಸೋಜ ಎಂಬುದರ ಹತ್ತಿರ ಸಿಂಟ್ಯಾಕ್ಸ್ ತಪ್ಪಿದೆ, ಉದ್ಧರಣ ಚಿಹ್ನೆಯೊಂದು ಮುಚ್ಚದೆ ಉಳಿದಿದೆ. ಬಾಕ್ಸ್ ಓದಿದವರಿಗೆ ಉತ್ತರ ಅಲ್ಲೇ ಸಿಗುತ್ತದೆ. ಓಕೆ ಒತ್ತಿದವರು ರಾತ್ರಿಯಿಡೀ ಕನೆಕ್ಷನ್ ಸ್ಟ್ರಿಂಗ್ ಬದಲಿಸುತ್ತಾ ಕೂರುತ್ತಾರೆ.

ಅನಂತರ ಅವರು ಹುಡುಕುವ ಮದ್ದು ನನಗೆ ನಿಜಕ್ಕೂ ನೋವು ಕೊಡುತ್ತದೆ. "ಅಪಾಸ್ಟ್ರಫಿ ಹಾಕಬೇಡಿ ಅಂತ ಒಂದು ಮೆಸೇಜ್ ತೋರಿಸಿದರೆ ಆಯ್ತಲ್ಲ, ಮೇಡಂ?" ಆಗಲಿಲ್ಲ. ಆ ಹೆಸರು ತಲೆಮಾರುಗಳಿಂದ ಆ ಮನೆಯವರದ್ದು. ಹೀಗೆ ಬರೆದ ಪ್ರೋಗ್ರಾಮುಗಳಿಂದಲೇ ಒಬ್ಬರ ಹೆಸರು ಒಂದು ಕಾಗದದಲ್ಲಿ ಅಪಾಸ್ಟ್ರಫಿ ಸಹಿತ, ಇನ್ನೊಂದರಲ್ಲಿ ನಡುವೆ ಖಾಲಿ ಜಾಗ ಬಿಟ್ಟು, ಮತ್ತೊಂದರಲ್ಲಿ ಒಟ್ಟಾಗಿ ಅಚ್ಚಾಗುತ್ತದೆ. ಆಮೇಲೆ ಆ ಮನುಷ್ಯ ಈ ಮೂರೂ ನಾನೇ ಎಂದು ಅಫಿಡವಿಟ್ ಮಾಡಿಸಿಕೊಂಡು ಅಲೆಯಬೇಕು. ಹೆಸರು ಸರಿಯಾಗಿಯೇ ಇದೆ. ಬದಲಾಗಬೇಕಾದದ್ದು ನಾವು ಬರೆದ ಸಾಲು.

ಸರಿಯಾದ ದಾರಿ ಪ್ಯಾರಾಮೀಟರ್. ವಾಕ್ಯದಲ್ಲಿ ಹೆಸರು ಬರಬೇಕಾದ ಜಾಗ ಕಾಯ್ದಿರಿಸಿ, ಹೆಸರನ್ನು ಬೇರೆಯಾಗಿ ಕಳುಹಿಸುವುದು. ಆಗ ಆಜ್ಞೆ ಯಾವುದು, ಮಾಹಿತಿ ಯಾವುದು ಎಂಬ ಗೊಂದಲವೇ ಡೇಟಾಬೇಸಿಗೆ ಇರುವುದಿಲ್ಲ. ಟೆಕ್ಸ್ಟ್‌ಬಾಕ್ಸಿನಲ್ಲಿ ಬೇಕೆಂದೇ ಎಸ್‌ಕ್ಯೂಎಲ್ ಆಜ್ಞೆ ತುಂಬಿಸಿ ಇಡೀ ಟೇಬಲ್ ಅಳಿಸಲು ನೋಡುವವರ ದಾರಿಯೂ ಇದರಿಂದಲೇ ಮುಚ್ಚುತ್ತದೆ. ಆ್ಯಕ್ಸೆಸ್ ಬಳಸುವವರು ಒಂದು ಮಾತು ನೆನಪಿಡಬೇಕು: ಓಎಲ್ಇಡಿಬಿ ಮೂಲಕ ಹೋಗುವ ಪ್ಯಾರಾಮೀಟರುಗಳಿಗೆ ನೀವು ಕೊಟ್ಟ ಹೆಸರು ಲೆಕ್ಕಕ್ಕಿಲ್ಲ, ಸೇರಿಸಿದ ಕ್ರಮ ಮಾತ್ರ ಲೆಕ್ಕ. ಕ್ರಮ ತಪ್ಪಿದರೆ ಎರರ್ ಕೂಡ ಬರದೆ ಊರಿನ ಜಾಗಕ್ಕೆ ತಂದೆಯ ಹೆಸರು ಹೋಗಿ ಕೂತಿರುತ್ತದೆ.

ಪ್ಯಾರಾಮೀಟರ್ ಹಾಕಿದ ಮೇಲೂ ಕೆಲವೊಮ್ಮೆ ಹುಡುಕಿದರೆ ಡಿ'ಸೋಜ ಸಿಗುವುದಿಲ್ಲ. ಪಟ್ಟಿಯನ್ನು ವರ್ಡ್ ಕಡತದಿಂದ ತಂದಿದ್ದರೆ ಅಲ್ಲಿ ನೇರ ಅಪಾಸ್ಟ್ರಫಿ ತಾನಾಗಿಯೇ ಬಾಗಿದ ಚಿಹ್ನೆಯಾಗಿ ಬದಲಾಗಿರುತ್ತದೆ. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ದಾಖಲೆ ಒಳಗೆ ಹೋಗುವ ಮೊದಲೇ ಎರಡನ್ನೂ ಒಂದು ರೂಪಕ್ಕೆ ತಂದುಬಿಟ್ಟರೆ ಆ ತಲೆನೋವಿಲ್ಲ.

ಹೆಸರಿನದೇ ಇನ್ನೊಂದು ತೊಂದರೆ, ಕೊನೆಯ ಹೆಸರು ಇಲ್ಲದಿರುವುದು. ಪಠ್ಯಪುಸ್ತಕದ ಮಾದರಿ ಫಾರ್ಮಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ನಮ್ಮ ಕಡೆ ಎಷ್ಟೋ ಜನರಿಗೆ ಇರುವುದು ಒಂದು ಹೆಸರು ಮತ್ತು ಇನಿಶಿಯಲ್. ಆ ಖಾನೆ ಖಾಲಿ ಬಿಟ್ಟು ಉಳಿಸಿದ ದಾಖಲೆಯನ್ನು ಮತ್ತೆ ತೆರೆದಾಗ 'ಡಿಬಿನಲ್'ನಿಂದ ಸ್ಟ್ರಿಂಗ್‌ಗೆ ಬದಲಿಸಲಾಗದು ಎಂಬ ಎರರ್. ಡೇಟಾಬೇಸಿನಲ್ಲಿ ಏನೂ ಇಲ್ಲದಿರುವುದಕ್ಕೂ ಖಾಲಿ ಸ್ಟ್ರಿಂಗಿಗೂ ವ್ಯತ್ಯಾಸವಿದೆ ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ. ಇದಕ್ಕೆ ಹತ್ತಿರದ್ದು ಹೊಸಬರೆಲ್ಲ ಕಾಣುವ 'ಆಬ್ಜೆಕ್ಟ್ ರೆಫರೆನ್ಸ್ ನಾಟ್ ಸೆಟ್' ಎರರ್. ಈ ನಲ್ ರೆಫರೆನ್ಸನ್ನು 1965ರಲ್ಲಿ ರೂಪಿಸಿದವರು ಟೋನಿ ಹೋರ್. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಎರರ್ ಕಂಡು ಕುಗ್ಗಿದ ಮಕ್ಕಳಿಗೆ ನಾನು ಇದನ್ನು ಹೇಳುತ್ತೇನೆ. ಆಮೇಲೆ ಆ ಸಾಲಿನ ಮೇಲೆ ಬ್ರೇಕ್‌ಪಾಯಿಂಟ್ ಇಡಿಸಿ, ಯಾವ ವೇರಿಯಬಲ್ ಖಾಲಿ ಇದೆ ಎಂದು ಮೌಸ್ ಒಯ್ದು ಅವರೇ ನೋಡುವಂತೆ ಮಾಡುತ್ತೇನೆ.

ಫೋನ್ ನಂಬರಿನ ವಿಷಯ ಚಿಕ್ಕದು, ಆದರೆ ಪ್ರತಿ ಹೊಸ ತಂಡದಲ್ಲೂ ಬರುತ್ತದೆ. ನಂಬರ್ ಎಂದಮೇಲೆ ಇಂಟಿಜರ್ ಎಂದು ಅವರ ಲೆಕ್ಕ. 32 ಬಿಟ್ಟಿನ ಇಂಟಿಜರಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ನಮ್ಮ ದೇಶದ ಮೊಬೈಲ್ ನಂಬರುಗಳು ಶುರುವಾಗುವುದೇ 6, 7, 8 ಅಥವಾ 9ರಿಂದ, ಹಾಗಾಗಿ ಒಂದಾದರೂ ಅದರೊಳಗೆ ಹಿಡಿಯುವುದಿಲ್ಲ, ಓವರ್‌ಫ್ಲೋ. ಲ್ಯಾಂಡ್‌ಲೈನ್ ಹಾಕಿದರೆ ಮಂಗಳೂರಿನ 0824ರ ಮೊದಲ ಸೊನ್ನೆ ಮಾಯ. ಕೂಡಿಸಿ ಕಳೆಯುವ ಕೆಲಸ ಇಲ್ಲದ್ದನ್ನು ಸಂಖ್ಯೆಯಾಗಿ ಇಡಬಾರದು.

ಮಕ್ಕಳನ್ನು ಅಳುವ ಹಂತಕ್ಕೆ ತರುವ ತೊಂದರೆ ಬೇರೆಯೇ ಇದೆ. "ಸೇವ್ ಆಯ್ತು ಅಂತ ಬರ್ತದೆ ಮೇಡಂ, ನಾಳೆ ನೋಡಿದ್ರೆ ಎಂತದೂ ಇಲ್ಲ." ಕೋಡ್ ಸರಿ, ಎರರ್ ಇಲ್ಲ, ಒಂದು ಸಾಲು ಸೇರಿತು ಎಂದು ಡೇಟಾಬೇಸೂ ಹೇಳಿದೆ. ಇಲ್ಲಿ ಕೋಡನ್ನು ನೂರು ಸಲ ಓದಿದರೂ ಪ್ರಯೋಜನವಿಲ್ಲ, ನೋಡಬೇಕಾದದ್ದು ಫೋಲ್ಡರನ್ನು. ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟಿಗೆ ಡೇಟಾಬೇಸ್ ಕಡತ ಸೇರಿಸಿದಾಗ 'ಕಾಪಿ ಆಲ್ವೇಸ್' ಎಂದಿದ್ದರೆ, ಪ್ರತಿ ಸಲ ಬಿಲ್ಡ್ ಆಗುವಾಗ ಮೂಲ ಖಾಲಿ ಕಡತದ ಪ್ರತಿ ಬಿನ್ ಫೋಲ್ಡರಿನೊಳಗಿನ ಡೀಬಗ್ ಫೋಲ್ಡರಿಗೆ ಹೋಗಿ ಬೀಳುತ್ತದೆ. ನಿನ್ನೆ ತುಂಬಿಸಿದ ಮಾಹಿತಿ ಇದ್ದದ್ದು ಅಲ್ಲಿದ್ದ ಪ್ರತಿಯಲ್ಲಿ, ಅದರ ಮೇಲೆಯೇ ಹೊಸ ಖಾಲಿ ಪ್ರತಿ ಕೂತಿತು. ಪ್ರೋಗ್ರಾಂ ಈಗ ತೆರೆದಿರುವ ಡೇಟಾಬೇಸಿನ ಪೂರ್ಣ ಪಾತ್ ಅನ್ನು ಮೆಸೇಜ್‌ಬಾಕ್ಸಿನಲ್ಲಿ ತೋರಿಸು ಎಂದು ಒಂದು ಸಾಲು ಬರೆಸಿದರೆ ಸಾಕು, ಮಕ್ಕಳ ಮುಖ ಅರಳುತ್ತದೆ. 'ಕಾಪಿ ಇಫ್ ನ್ಯೂವರ್' ಎಂದು ಬದಲಿಸುವುದು ಹೆಚ್ಚಿನ ಸಲ ನಡೆಯುತ್ತದೆ, ಆದರೆ ಮೂಲ ಕಡತವನ್ನು ತೆರೆದು ಏನಾದರೂ ತಿದ್ದಿದರೆ ಮತ್ತೆ ಅದೇ ಕಥೆ. ಡೇಟಾಬೇಸನ್ನು ಪ್ರಾಜೆಕ್ಟಿನ ಹೊರಗೆ ಒಂದು ನಿಗದಿತ ಜಾಗದಲ್ಲಿ ಇಡುವುದನ್ನೇ ನಾನು ಹೇಳಿಕೊಡುವುದು.

ತಾರೀಕಿನ ತೊಂದರೆ ಇದಕ್ಕಿಂತ ನಯವಾಗಿ ಮೋಸ ಮಾಡುತ್ತದೆ. ಆ್ಯಕ್ಸೆಸ್‌ನ ಎಸ್‌ಕ್ಯೂಎಲ್ ವಾಕ್ಯದಲ್ಲಿ ಎರಡು ಹ್ಯಾಶ್ ಚಿಹ್ನೆಗಳ ನಡುವೆ 05/06/2023 ಎಂದು ಬರೆದರೆ ಅದು ಜೂನ್ 5 ಅಲ್ಲ, ಮೇ 6. ವಿಂಡೋಸ್‌ನಲ್ಲಿ ಭಾರತದ ಸೆಟ್ಟಿಂಗ್ ಇದ್ದರೂ ಅಲ್ಲಿ ತಿಂಗಳೇ ಮೊದಲು. ಆದರೆ 13/06/2023 ಎಂದು ಬರೆದರೆ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಅದನ್ನು ಜೂನ್ 13 ಎಂದೇ ತೆಗೆದುಕೊಳ್ಳುತ್ತದೆ. ಹೀಗಾಗಿ ತಿಂಗಳ ಮೊದಲ ಹನ್ನೆರಡು ದಿನದ ಫೀಸು ಬೇರೆ ತಿಂಗಳುಗಳಿಗೆ ಚದುರಿಹೋಗಿ, ಉಳಿದ ದಿನಗಳದ್ದು ಸರಿಯಾಗಿ ಕಾಣುತ್ತದೆ. ತಿಂಗಳ ಕೊನೆಗೆ ಪರೀಕ್ಷಿಸಿದವರಿಗೆ ಪ್ರೋಗ್ರಾಂ ಪಕ್ಕಾ. ಮದ್ದು ಇಲ್ಲೂ ಅದೇ ಪ್ಯಾರಾಮೀಟರ್: ತಾರೀಕನ್ನು ಅಕ್ಷರವಾಗಿಸದೆ ತಾರೀಕಾಗಿಯೇ ಕಳುಹಿಸುವುದು.

ವಿಂಡೋ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಎನ್ನುವುದು ಇನ್ನೊಂದು ದೂರು. ಬಟನ್ನಿನ ಕ್ಲಿಕ್ಕಿನೊಳಗೆ ಸಾವಿರಾರು ಸಾಲು ಓದುವ ಲೂಪ್ ಇಟ್ಟಿರುತ್ತಾರೆ. ಪರದೆಗೆ ಬಣ್ಣ ಬಳಿಯುವುದೂ ಆ ಲೂಪ್ ಓಡಿಸುವುದೂ ಒಂದೇ ಥ್ರೆಡ್ ಆದ್ದರಿಂದ, ಐದು ಸೆಕೆಂಡು ಉತ್ತರ ಬರದಿದ್ದರೆ ವಿಂಡೋಸ್ ಹಾಗೆ ಬರೆದುಬಿಡುತ್ತದೆ. ಯಾರೋ ಹೇಳಿದರೆಂದು ನಡುವೆ 'ಡೂ ಇವೆಂಟ್ಸ್' ಸೇರಿಸುತ್ತಾರೆ. ಆಗ ಲೂಪ್ ಮುಗಿಯುವ ಮೊದಲೇ ಬಟನ್ ಮತ್ತೊಮ್ಮೆ ಒತ್ತಬಹುದು, ಪಟ್ಟಿ ಎರಡೆರಡು ಸಲ ಸೇರುತ್ತದೆ. 2012ರಿಂದ ಸಿ ಶಾರ್ಪ್ ಮತ್ತು ವಿಬಿಯಲ್ಲಿ ಅಸಿಂಕ್, ಅವೇಟ್ ಇವೆ. ಕಲಿಯಲು ಒಂದು ವಾರ ಹೆಚ್ಚು ಬೇಕಾದರೂ ಅದನ್ನೇ ಕಲಿಯಬೇಕು.

ಇವೆಲ್ಲಕ್ಕಿಂತ ನಾನು ಗಟ್ಟಿಯಾಗಿ ವಿರೋಧಿಸುವುದು ಖಾಲಿ ಕ್ಯಾಚನ್ನು. ವೈವಾದ ಹಿಂದಿನ ರಾತ್ರಿ ಎರರ್ ಕಾಣದಿರಲೆಂದು ಇಡೀ ಕೋಡನ್ನು ಟ್ರೈ ಒಳಗೆ ಹಾಕಿ, ಕ್ಯಾಚಿನಲ್ಲಿ ಏನೂ ಬರೆಯದೆ ಬಿಡುತ್ತಾರೆ. ಹಳೆಯ ವಿಬಿ 6ರಲ್ಲಿ ಇದೇ ಕೆಲಸಕ್ಕೆ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಇತ್ತು. ಜ್ವರದ ರೋಗಿಯ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ ಅದು. ಡಿ'ಸೋಜರ ಬಿಲ್ಲು ಉಳಿಯಲಿಲ್ಲ ಎಂದು ಅಂಗಡಿಯವರಿಗೂ ತಿಳಿಯದು, ಡಿ'ಸೋಜರಿಗೂ ತಿಳಿಯದು.

ಪ್ರಾಜೆಕ್ಟ್ ಮುಗಿಸಿ ನಿಜವಾದ ಅಂಗಡಿಯ ಕಂಪ್ಯೂಟರಿಗೆ ಹಾಕಿದಾಗ ಎರಡು ಹೊಸ ಎರರ್ ಕಾದಿರುತ್ತವೆ. ಒಂದು, ಡೇಟಾಬೇಸ್ ಪ್ರೊವೈಡರ್ ಈ ಯಂತ್ರದಲ್ಲಿ ರಿಜಿಸ್ಟರ್ ಆಗಿಲ್ಲ ಎಂಬುದು. ಹಳೆಯ ಜೆಟ್ ಪ್ರೊವೈಡರಿಗೆ 64 ಬಿಟ್ಟಿನ ಆವೃತ್ತಿಯೇ ಇಲ್ಲ. ಅದರ ನಂತರ ಬಂದ ಏಸ್ ಪ್ರೊವೈಡರಿನಲ್ಲಿ ಎರಡೂ ಇವೆ, ಆದರೆ ನಮ್ಮ ಪ್ರೋಗ್ರಾಂ ಎಷ್ಟು ಬಿಟ್ಟಿನದೋ ಅದೂ ಅಷ್ಟೇ ಇರಬೇಕು. ಎರಡನೆಯದು, 'ಪ್ರೋಗ್ರಾಂ ಫೈಲ್ಸ್' ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲ ಎಂಬುದು. ಉಳಿಸುವ ಕಡತಗಳನ್ನು ಬಳಕೆದಾರರ 'ಆ್ಯಪ್ ಡೇಟಾ' ಫೋಲ್ಡರಿನಲ್ಲಿಟ್ಟರೆ ಆ ತೊಂದರೆ ಇಲ್ಲ.

ಕನ್ನಡದಲ್ಲಿ ಹೆಸರು ಬೇಕೆಂದು ಗ್ರಾಹಕರು ಕೇಳಿದರೆ ನನಗೆ ಸಂತೋಷ. ಕನ್ನಡದ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಇಲ್ಲೇ ಹತ್ತಿರದ ಕಿನ್ನಿಕಂಬಳದವರು. ಅವರ ಊರಿನ ಪಕ್ಕದಲ್ಲಿ ಕೂತು ಕಲಿಯುವ ಮಕ್ಕಳು ಕನ್ನಡ ಬಂದರೆ ಪ್ರಶ್ನೆ ಚಿಹ್ನೆ ತೋರಿಸುವ ಪ್ರೋಗ್ರಾಂ ಬರೆಯಬಾರದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಆ ಪ್ರಶ್ನೆ ಚಿಹ್ನೆಗಳಿಗೆ ಸಾಮಾನ್ಯ ಕಾರಣ ಕಾಲಮ್ಮನ್ನು 'ಎನ್‌ವಾರ್‌ಚಾರ್' ಬದಲು 'ವಾರ್‌ಚಾರ್' ಮಾಡಿರುವುದು. ಕಾಲಮ್ಮಿನ ಉದ್ದವನ್ನೂ ಧಾರಾಳವಾಗಿ ಕೊಡಬೇಕು. 'ಮಂಗಳೂರು' ಕಣ್ಣಿಗೆ ನಾಲ್ಕು ಅಕ್ಷರ, ಯುನಿಕೋಡಿನಲ್ಲಿ ಏಳು.

ಪ್ರದೇಶವಾರು ವರದಿಯಲ್ಲಿ ಬಿಜೈಯ ಗ್ರಾಹಕರ ಸಂಖ್ಯೆ ಕಡಿಮೆ ಬರುತ್ತದೆ ಎಂದು ಈಚೆಗೆ ಒಬ್ಬಳು ಕ್ವೆರಿಯನ್ನು ಮತ್ತೆ ಮತ್ತೆ ತಿದ್ದುತ್ತಿದ್ದಳು. ಆ ಕಾಲಮ್ಮಿನಲ್ಲಿ ಇರುವುದನ್ನೆಲ್ಲ ಗುಂಪು ಮಾಡಿ ಪಟ್ಟಿ ತೆಗೆ ಎಂದೆ. ಇಂಗ್ಲಿಷಿನಲ್ಲಿ ಬಿ ನಂತರ ಇ ಹಾಕಿದ ಬಿಜೈ, ಐ ಹಾಕಿದ ಬಿಜೈ, ಮುಂದೆ ಒಂದು ಸ್ಪೇಸ್ ಉಳಿದ ಬಿಜೈ, ಬಿಜೈ ಚರ್ಚ್ ರೋಡ್. ಜೊತೆಗೆ ಕನ್ನಡದಲ್ಲಿ ಟೈಪ್ ಮಾಡಿದ್ದು, ಅದರಲ್ಲೂ ಎರಡು ಬಗೆ. 'ಜೈ'ಯ ಐತ್ವವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಉದ್ದ ಅಳೆದಾಗ ಒಂದು ಬಿಜೈಗೆ 4, ಇನ್ನೊಂದಕ್ಕೆ 5 ಬಂತು. ಉಳಿಸುವ ಮೊದಲು 'ನಾರ್ಮಲೈಸ್' ಮಾಡುವ ಒಂದು ಸಾಲು ಸೇರಿಸಿದಳು. ಪ್ರದೇಶಗಳಿಗೆ ಬೇರೆ ಟೇಬಲ್ ಮಾಡಿ, ಟೆಕ್ಸ್ಟ್‌ಬಾಕ್ಸ್ ತೆಗೆದು ಕಾಂಬೋಬಾಕ್ಸ್ ಇಟ್ಟಳು. ಹೊಸ ದಾಖಲೆಗಳಿಗೆ ಅಷ್ಟು ಸಾಕು. ಹಳೆಯವುಗಳಲ್ಲಿ ಯಾವುದು ಯಾವ ಬಿಜೈ ಎಂದು ಕೋಡಿಗೆ ಗೊತ್ತಾಗುವುದಿಲ್ಲ, ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತಿದ್ದುವುದೇ.