ಅಲ್ಪ ವೆಚ್ಚದಲ್ಲಿ ಮನೆಯೊಳಗಣ ಗಿಡಗಳ ಪಾಲನೆ

ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗಲೆಲ್ಲ ಕೇಳತಕ್ಕ ಪ್ರಶ್ನೆಯೊಂದುಂಟು: "ಟೀಚರ್, ಬೆಂಗಳೂರಿನಿಂದ ಮುನ್ನೂರು ರೂಪಾಯಿ ಕೊಟ್ಟು ತಂದ ಗಿಡ ಮನೆಯೊಳಗೆ ಎರಡು ತಿಂಗಳೂ ಬಾಳಲಿಲ್ಲವಲ್ಲ, ಏಕೆ?" ಉತ್ತರವನ್ನು ಹೇಳುವುದಕ್ಕೆ ಮುಂಚೆ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ನ್ಯಾಯವಾಗಿದೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಪ್ರತಿಯೊಬ್ಬ ಬಾಲಿಕೆಗೂ ಒಂದೊಂದು ಸ್ಪೈಡರ್ ಗಿಡದ ಮರಿಯನ್ನು ಕೊಟ್ಟು, ಮನೆಯಲ್ಲಿ ಸಾಕಿ ವರ್ಷಾಂತ್ಯದಲ್ಲಿ ತಂದು ತೋರಿಸತಕ್ಕದ್ದೆಂದು ವಿಧಿಸಿದ್ದೆವು. ಗಣಿಯ ಲೈನಿನ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿಯ ಗಿಡದ ಎಲೆಗಳ ತುದಿ ಜನವರಿ ತಿಂಗಳಿನಲ್ಲಿಯೇ ಸುಟ್ಟಂತೆ ಕಂದುಬಣ್ಣಕ್ಕೆ ತಿರುಗಿತು. ನಾವು ಅದನ್ನು ನೀರಿನ ಕೊರತೆಯೆಂದೇ ನಿರ್ಣಯಿಸಿ, ಸೋಮಾರಿತನವೆಂದು ಎಲ್ಲರೆದುರಿಗೆ ಗದರಿಸಿದೆವು. ಆ ಮಗು ಎದುರು ಮಾತಾಡಲಿಲ್ಲ. ಅಂದಿನಿಂದ ದಿನಕ್ಕೆರಡಾವರ್ತಿ ನೀರೆರೆದಳು. ಮಾರ್ಚಿಯಲ್ಲಿ ಗಿಡವು ಬುಡ ಕೊಳೆತು ಬಂದಿತು. ನಾವು ಅಂಕವನ್ನೂ ಕಳೆದೆವು.

ಮುಂದೆ ನಮ್ಮ ಕೊಠಡಿಯ ಕಿಟಕಿಯಲ್ಲಿ ನಾವೇ ಜೋಪಾನವಾಗಿ ಸಾಕುತ್ತಿದ್ದ ಗಿಡದ ತುದಿಗಳೂ ಹಾಗೆಯೇ ಸುಟ್ಟಾಗ ಕಣ್ಣು ತೆರೆಯಿತು. ವಿಚಾರಿಸಲಾಗಿ ಕಾರಣವು ಕೊಳವೆಬಾವಿಯ ನೀರೆಂದು ತಿಳಿದುಬಂದಿತು. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚಾಗಿರುವುದನ್ನು ನಮ್ಮ ಜನರು ಹಲ್ಲುಗಳ ಕಂದು ಕಲೆಗಳಿಂದಲೇ ಬಲ್ಲರು. ಗಿಡವು ಈ ಲವಣವನ್ನು ನೀರಿನೊಡನೆ ಹೀರುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋದರೂ ಫ್ಲೋರೈಡ್ ಎಲೆಯ ತುದಿಯಲ್ಲಿ ಉಳಿದು ಶೇಖರವಾಗಿ ಆ ಭಾಗವನ್ನು ಕೊಲ್ಲುತ್ತದೆ. ಸ್ಪೈಡರ್ ಗಿಡವೂ ಡ್ರಸೀನವೂ ಇದಕ್ಕೆ ಬಹುಬೇಗ ತುತ್ತಾಗುವ ಜಾತಿಗಳು. ನಾವು ಒಂದು ಮಳೆಗಾಲವೆಲ್ಲ ಎರಡು ಕುಂಡಗಳನ್ನು ಒಂದೇ ಕಿಟಕಿಯಲ್ಲಿಟ್ಟು, ಒಂದಕ್ಕೆ ಮಳೆಯ ನೀರನ್ನೂ ಇನ್ನೊಂದಕ್ಕೆ ಕೊಳವೆಬಾವಿಯ ನೀರನ್ನೂ ಎರೆದು ನೋಡಿದೆವು. ಮಳೆಯ ನೀರಿನ ಕುಂಡದಲ್ಲಿ ಹೊಸ ಎಲೆಗಳು ತುದಿಯವರೆಗೆ ಹಸುರಾಗಿಯೇ ಬಂದವು. ಹುಡುಗಿಯನ್ನು ಕರೆಯಿಸಿ, ಗದರಿಸಿದಂತೆಯೇ ತರಗತಿಯೆದುರಿಗೆ ಅಂಕವನ್ನು ತಿದ್ದಿ, ಇನ್ನೊಂದು ಮರಿಯನ್ನು ಕೊಟ್ಟೆವು.

ನೀರನ್ನು ಕುದಿಸಿದರೆ ಅಥವಾ ರಾತ್ರಿಯೆಲ್ಲ ಇಟ್ಟರೆ ದೋಷ ಹೋಗುವುದೆಂದು ಕೆಲವರ ನಂಬಿಕೆ. ಇಟ್ಟ ನೀರಿನಿಂದ ಕ್ಲೋರಿನ್ ಹೋಗುತ್ತದೆಯೇ ಹೊರತು ಫ್ಲೋರೈಡ್ ಹೋಗದು. ಕುದಿಸಿದರೆ ನೀರು ಕಡಿಮೆಯಾಗಿ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಶುದ್ಧ ನೀರಿನ ಯಂತ್ರವುಳ್ಳ ಮನೆಗಳಲ್ಲಿ ಅದು ಹೊರಕ್ಕೆ ಬಿಡುವ ನೀರನ್ನು ಉಳಿತಾಯವೆಂದು ಕುಂಡಗಳಿಗೆ ಎರೆಯುವುದನ್ನು ಕಂಡಿದ್ದೇವೆ. ಇದು ಕೂಡದು, ಬೇರ್ಪಡಿಸಿದ ಲವಣಗಳೆಲ್ಲ ಆ ನೀರಿನಲ್ಲಿಯೇ ಇರುತ್ತವೆ. ಹಾಗಾದರೆ ಬಡವರು ಮಾಡತಕ್ಕದ್ದೇನು? ಮಳೆಯ ನೀರಿಗೆ ಕ್ರಯವಿಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತಗಡಿನ ಮಾಡಿನ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ ಸುಮಾರು 90 ಲೀಟರು ನೀರು ಇಳಿಯುತ್ತದೆ. ಕುಂಡಕ್ಕೆ ವಾರಕ್ಕೆ ಅರ್ಧ ಲೀಟರಿನಂತೆ ನಾಲ್ಕು ಕುಂಡಗಳಿಗೆ ಇದು ಹತ್ತು ತಿಂಗಳಿಗೆ ಸಾಕು. ಮೊದಲನೆಯ ಮಳೆಯು ಮಾಡಿನ ಧೂಳನ್ನು ತೊಳೆದು ಹೋಗಲಿ. ಅನಂತರದ್ದನ್ನು ಹಿಡಿದು, ಸೊಳ್ಳೆ ಮೊಟ್ಟೆಯಿಡದಂತೆ ಬಿಗಿಯಾಗಿ ಬಟ್ಟೆ ಕಟ್ಟಿಡಬೇಕು. ಕುಂಡದ ಕೆಳಗಣ ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲುತ್ತಿರತಕ್ಕದ್ದು. ಡೆಂಗೀ ಹರಡುವ ಸೊಳ್ಳೆಗೆ ಅಷ್ಟು ನೀರೇ ಸಾಕು.

ಇನ್ನು ನೀರಿನ ಪ್ರಮಾಣ. ನಾವು ಕಂಡಂತೆ ಮನೆಯೊಳಗಣ ಗಿಡಗಳು ಬಾಯಾರಿಕೆಯಿಂದ ಸಾಯುವುದಕ್ಕಿಂತ ಅತಿಯಾದ ಪ್ರೀತಿಯಿಂದ ಸಾಯುವುದೇ ಹೆಚ್ಚು. ಬೇರಿಗೂ ಗಾಳಿ ಬೇಕು; ಮಣ್ಣು ಸದಾ ಕೆಸರಾಗಿದ್ದರೆ ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಹೀರಲಾರದು, ಎಲೆ ಬಾಡುತ್ತದೆ; ಬಾಡಿತೆಂದು ನಾವು ಮತ್ತೂ ನೀರೆರೆಯುತ್ತೇವೆ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಕ್ಕೆ ಇಳಿಸಿ, ಒಣಗಿದ್ದರೆ ಮಾತ್ರ ಎರೆಯತಕ್ಕದ್ದು. ಮುಂಜಾನೆ ಮಾರಿಕುಪ್ಪದಿಂದಲೋ ಬಂಗಾರಪೇಟೆಯಿಂದಲೋ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಮಾಧಾನದ ಸಂಗತಿ: ಭಾನುವಾರ ಒಂದಾವರ್ತಿ ನೋಡಿದರೂ ಬಾಳುವ ಗಿಡಗಳುಂಟು. ಸ್ನೇಕ್ ಪ್ಲಾಂಟ್ ಅಂಥದು. ಎರಡು ಮೂರು ವಾರ ಮರೆತರೂ ಅದು ದೂರುವುದಿಲ್ಲ.

ಮಣ್ಣಿನ ವಿಷಯದಲ್ಲಿ ಚಿನ್ನದ ಗಣಿಯ ಊರಿನವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ. 2001ನೆಯ ಇಸವಿ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅದಿರನ್ನು ಅರೆದು ಚಿನ್ನ ತೆಗೆದುಳಿದ ಪುಡಿಯ ದಿಬ್ಬಗಳು ಮಾತ್ರ ಊರ ನಡುವೆ ನಿಂತಿವೆ. ಸುಮಾರು 3 ಕೋಟಿ 30 ಲಕ್ಷ ಟನ್ನುಗಳಷ್ಟಿರುವ ಈ ಪುಡಿಯು ನಯವಾಗಿ ಮರಳಿನಂತೆ ಕಾಣುವುದರಿಂದ ಮಕ್ಕಳು ಕುಂಡಕ್ಕೆಂದು ತರುವುದುಂಟು. ಸೈನೈಡ್ ಪ್ರಯೋಗಕ್ಕೊಳಗಾದ ಈ ಪುಡಿಯನ್ನು ಮನೆಯೊಳಕ್ಕೆ ತರಲೇಕೂಡದು. ಗಿಡಕ್ಕೂ ಹಿತವಲ್ಲ, ಮಗುವಿನ ಶ್ವಾಸಕೋಶಕ್ಕೂ ಹಿತವಲ್ಲ. ಹೊಲದ ಕೆಮ್ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿದರೆ ಸಾಕು. ರೇಷ್ಮೆ ಸಾಕುವ ಬಂಧುಗಳಿದ್ದರೆ ಹುಳುವಿನ ಹಿಕ್ಕೆಯನ್ನು ಕೇಳಿ ತಂದು, ಚೆನ್ನಾಗಿ ಕಳಿತ ಮೇಲೆ ಒಂದು ಹಿಡಿ ಸೇರಿಸಬಹುದು. ಸೂಪರ್ ಫಾಸ್ಫೇಟಿನಲ್ಲಿಯೂ ಫ್ಲೋರೈಡ್ ಇರುವುದರಿಂದ ಸ್ಪೈಡರ್ ಗಿಡಕ್ಕೆ ಅದು ಬೇಡ. ಕುಂಡಕ್ಕೆ ಎಣ್ಣೆಯ ಡಬ್ಬಿಯೂ ಆದೀತು. ತಳದಲ್ಲಿ ನಾಲ್ಕು ತೂತುಗಳಿರಬೇಕು, ಅಷ್ಟೆ.

ಮನೆಯೊಳಗೆ ಕುಂಡವಿಡುವುದು ಬಂಗಲೆಯವರ ಶೋಕಿಯೆಂಬ ಭಾವನೆ ಇಲ್ಲಿ ಇನ್ನೂ ಹೋಗಿಲ್ಲ. ಬಂಗಲೆಯವರಿಗೆ ಮಾಲಿಗಳಿದ್ದರು, ನಮಗೆ ಒಂದು ಕಿಟಕಿಯಿದೆ. ಲೈನಿನ ಮನೆಯ ಕಿಟಕಿ ಚಿಕ್ಕದಾದುದರಿಂದ ಗಿಡವು ಅದಕ್ಕೆ ಎರಡು ಮೂರು ಅಡಿಗಳೊಳಗೇ ಇರಲಿ. ಮೂಡಣ ಕಿಟಕಿ ಉತ್ತಮ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯನ್ನು ಒರಸಬೇಕು, ಧೂಳು ಕುಳಿತ ಎಲೆಗೆ ಬೆಳಕು ಮುಟ್ಟದು. ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಮಾಡುವುವೆಂದು ಅಂಗಡಿಯವರು ಹೇಳುವುದನ್ನು ನಂಬಿ ದುಡ್ಡು ಸುರಿಯಬೇಡಿರಿ. ಅಮೆರಿಕದ ನಾಸಾ ಸಂಸ್ಥೆಯ 1989ರ ಪ್ರಯೋಗ ನಡೆದುದು ಮುಚ್ಚಿದ ಪೆಟ್ಟಿಗೆಯಲ್ಲಿ; ಇಂಥ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ 2019ರ ಲೇಖನವೊಂದು, ವಾಸದ ಕೋಣೆಯಲ್ಲಿ ಕಿಟಕಿ ತೆರೆದಷ್ಟು ಪ್ರಯೋಜನ ನಾಲ್ಕು ಕುಂಡಗಳಿಂದ ಬಾರದೆಂದು ತೋರಿಸಿದೆ. ತಂದೆಗೋ ತಾತನಿಗೋ ಗಣಿಯ ಧೂಳಿನ ಕೆಮ್ಮು ಇದ್ದರೆ ಆ ಹಣ ವೈದ್ಯರಿಗೆ ಸಲ್ಲಲಿ.

ಗಿಡಗಳನ್ನು ಕೊಳ್ಳುವುದೂ ಅನಾವಶ್ಯಕ. ಮನಿ ಪ್ಲಾಂಟಿನ ಬಳ್ಳಿಯನ್ನು ಒಂದು ಗೆಣ್ಣಾದರೂ ಇರುವಂತೆ ಕತ್ತರಿಸಿ ನೀರಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಗೆಣ್ಣಿಲ್ಲದ ಎಲೆಯಿಂದ ಬಳ್ಳಿ ಹುಟ್ಟದು. ಅದರ ಎಲೆ ಅಗಿದರೆ ಬಾಯಿ ಉರಿಯುವುದರಿಂದ ಕೂಸುಗಳಿಗೆ ಎಟುಕದಂತೆ ಇಡಬೇಕು. ದೊಡ್ಡಪತ್ರೆಯ ಕಡ್ಡಿ ಬಿಸಿಲು ಬರುವ ಕಿಟಕಿಯಲ್ಲಿ ಬೇಗ ಹಿಡಿಯುತ್ತದೆ, ತಂಬುಳಿಗೂ ಒದಗುತ್ತದೆ. ಸ್ನೇಕ್ ಪ್ಲಾಂಟಿನ ಎಲೆಯ ತುಂಡೂ ಬೇರೊಡೆಯುತ್ತದೆ. ಆದರೆ ಹಳದಿ ಅಂಚಿನ ಜಾತಿಯ ತುಂಡಿನಿಂದ ಅಂಚಿಲ್ಲದ ಹಸುರು ಮರಿಯೇ ಬರುವುದು. ಹಳದಿ ಬೇಕಾದವರು ಗಡ್ಡೆಯನ್ನೇ ಸೀಳಿ ನೆಡಬೇಕು.

ಅಂದಿನ ಆ ಹುಡುಗಿಯ ಎರಡನೆಯ ಗಿಡವು ಈಗಲೂ ಇದೆಯೆಂದು ಅವಳ ತಾಯಿ ಹೇಳಿದರು. ನಮ್ಮ ಕಿಟಕಿಯ ಗಿಡವೂ ಈ ವರ್ಷ ಮರಿಗಳನ್ನು ಬಿಟ್ಟಿದೆ. ಬೇಕಾದವರು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ತೆಗೆದುಕೊಂಡು ಹೋಗಬಹುದು. ಡಬ್ಬಿಯನ್ನು ತಾವೇ ತರಬೇಕು.