ಕಹಿ ಒಗ್ಗದ ನಾಲಿಗೆ

ಬಿಯರ್‌ ಬಗ್ಗೆ ಬರೆಯಲು ನಮ್ಮವರಿಗೆ ಸಂಕೋಚ. ಹೆಸರು ಹಾಕಬೇಡಿ ಎಂದು ಪ್ರಶ್ನೆ ಕಳಿಸಿದ ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 24 ವರ್ಷ. ಹತ್ತಿ ಬಿಡಿಸಿದ ಮೇಲೆ ಗೆಳೆಯರೆಲ್ಲ ಒಂದು ಕಡೆ ಕೂಡುತ್ತೇವೆ. ಅವರು ಕುಡಿಯುವುದು ಸ್ಟ್ರಾಂಗ್ ಬಿಯರ್. ನನಗೆ ಅದು ಕಹಿ, ಮೇಲೆ ಗಂಟಲಲ್ಲಿ ಉರಿ. ಮೈಲ್ಡ್ ತಗೊಂಡರೆ ‘ಹುಡುಗರ ಸೋಡಾ’ ಎಂದು ನಗುತ್ತಾರೆ. ನನ್ನ ನಾಲಿಗೆಯಲ್ಲೇ ದೋಷ ಇದೆಯಾ? ರೂಢಿ ಮಾಡಿಕೊಳ್ಳಬೇಕಾ? (ಮಸರಕಲ್)

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ, ಚಿಂತೆ ಬಿಡಿ. ಕಹಿ ಎಂದರೆ ವಿಷ ಇರಬಹುದು ಎಂದು ದೇಹ ಹೇಳುವ ಎಚ್ಚರಿಕೆ. ಸಿಹಿಯನ್ನು ಗುರುತಿಸಲು ನಮಗೆ ಒಂದೇ ಬಗೆಯ ಗ್ರಾಹಕ (ರುಚಿಯನ್ನು ಹಿಡಿಯುವ ನಾಲಿಗೆಯ ಕಣ) ಸಾಕು. ಕಹಿಗೆ ಸುಮಾರು 25 ಬಗೆಗಳಿವೆ. ಅವು ಒಬ್ಬರಲ್ಲಿ ಚುರುಕು, ಇನ್ನೊಬ್ಬರಲ್ಲಿ ಮಂದ, ಹುಟ್ಟಿನಿಂದಲೇ. ಒಂದೇ ಮನೆಯಲ್ಲಿ ಅಣ್ಣ ಹಾಗಲಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಳ್ಳುತ್ತಾನೆ, ತಮ್ಮ ತಾಟು ಸರಿಸುತ್ತಾನೆ. ತಮ್ಮನನ್ನು ಯಾರಾದರೂ ದವಾಖಾನೆಗೆ ಕರೆದೊಯ್ಯುತ್ತಾರೆಯೇ?

ಇನ್ನೊಂದು ಮಾತು. ಕಹಿ ಮತ್ತು ಉರಿ ಎಂದು ನೀವು ಜೊತೆಯಾಗಿ ಬರೆದಿದ್ದೀರಿ, ಅವೆರಡೂ ಬೇರೆ. ಕಹಿ ಬರುವುದು ಹಾಪ್ಸ್‌ನಿಂದ (ಬಿಯರ್ ಕುದಿಸುವಾಗ ಹಾಕುವ ಒಂದು ಬಳ್ಳಿಯ ಹೂವು). ಉರಿ ಮದ್ಯಸಾರದ್ದು. ನಮ್ಮ ಅಂಗಡಿಗಳ ಸ್ಟ್ರಾಂಗ್ ಬಿಯರ್‌ನಲ್ಲಿ ಹಾಪ್ಸ್‌ನ ಕಹಿ ಬಹಳವೇನೂ ಇರುವುದಿಲ್ಲ, ತುಸು ಸಿಹಿಯೇ ಇರುತ್ತದೆ. ಹಾಗಾಗಿ ನಿಮಗೆ ಒಗ್ಗದಿರುವುದು ಬಿಯರ್ ಅಲ್ಲ, ಅದರೊಳಗಿನ ಮದ್ಯಸಾರ ಎಂದು ನನ್ನ ಅನುಮಾನ.

ಗೆಳೆಯರ ನಗುವಿಗೆ ಒಂದು ಲೆಕ್ಕ ಕೊಡುತ್ತೇನೆ. ನಮ್ಮ ದೇಶದ ಆಹಾರ ನಿಯಮದಂತೆ ಶೇ. 5ರವರೆಗೆ ಮದ್ಯಸಾರ ಇದ್ದರೆ ಸಾಮಾನ್ಯ (ಮೈಲ್ಡ್) ಬಿಯರ್, ಅದಕ್ಕೆ ಮೇಲೆ 8ರವರೆಗೆ ಸ್ಟ್ರಾಂಗ್. 650 ಮಿ.ಲೀ. ಬಾಟಲಿಯಲ್ಲಿ ಶೇ. 8 ಎಂದರೆ 52 ಮಿ.ಲೀ. ಮದ್ಯಸಾರ. 30 ಮಿ.ಲೀ. ವಿಸ್ಕಿ ಪೆಗ್‌ನಲ್ಲಿ ಇರುವುದು ಸುಮಾರು 13. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಪೆಗ್‌ಗೆ ಸಮ, ಮೈಲ್ಡ್ ಎರಡೂವರೆಗೆ. ‘ಬಿಯರ್ ತಾನೇ’ ಎಂದು ಎರಡು ಸ್ಟ್ರಾಂಗ್ ಮುಗಿಸಿದವರು ಎಂಟು ಪೆಗ್ ಹಾಕಿ ಎದ್ದಿರುತ್ತಾರೆ. ಅವರು ಹೊಗಳುತ್ತಿರುವುದು ರುಚಿಯನ್ನಲ್ಲ, ನಿಶೆಯನ್ನು. ನಿಶೆಗೆ ಪಂದ್ಯ ಕಟ್ಟಬಹುದು, ರುಚಿಗೆ ಪಂದ್ಯ ಎಲ್ಲಿಂದ ಬರಬೇಕು?

ಮೈಲ್ಡ್ ಕುಡಿಯುವುದಾದರೆ ಗ್ಲಾಸಿಗೆ ಬಗ್ಗಿಸಿಕೊಳ್ಳಿ. ಬಾಟಲಿಗೇ ಬಾಯಿ ಹಚ್ಚಿದರೆ ಮೂಗಿಗೆ ಏನೂ ಸಿಗುವುದಿಲ್ಲ, ಬಿಯರ್‌ನ ಅರ್ಧ ರುಚಿ ಮೂಗಿನದು. ಜೊತೆಗೆ ಉಪ್ಪು ಹಚ್ಚಿ ಹುರಿದ ಶೇಂಗಾ ಇರಲಿ, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಮಿರ್ಚಿ ಭಜಿ ಬೇಡ, ಮದ್ಯಸಾರ ಖಾರದ ಉರಿಯನ್ನು ಏರಿಸುತ್ತದೆ. ರೂಢಿ ಮಾಡಿಕೊಳ್ಳಲೇಬೇಕಾ ಎಂದು ಕೇಳಿದ್ದೀರಿ. ಬೇಡ. ಏನೂ ಕುಡಿಯದೆ ಅವರ ಜೊತೆ ಕೂತರೂ ಗೆಳೆತನ ಕೆಡುವುದಿಲ್ಲ. ಅಲ್ಲಿಂದ ಬೈಕ್ ಹತ್ತುವವರಿಗೆ ಇದೂ ಹೇಳಿ: ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೈಲ್ಡ್ ಆದರೂ ಪೂರ್ತಿ ಬಾಟಲಿ ಕುಡಿದು ಎದ್ದವರು ಅದನ್ನು ದಾಟಿರುವ ಸಂಭವವೇ ಹೆಚ್ಚು.

ಪ್ರಶ್ನೆ: ಮೇ ತಿಂಗಳಲ್ಲಿ ತಂದ ಬಾಟಲಿ ನೆನೆದ ರಟ್ಟಿನಂತೆ ರುಚಿಸಿತು. ಯಾವಾಗಲೂ ಕುಡಿಯುವ ಬಿಯರೇ. ಡುಪ್ಲಿಕೇಟ್ ಮಾಲು ಇರಬಹುದೇ? ವಿಷವಾದರೆ ಏನು ಗತಿ? (ದೇವದುರ್ಗ)

ಉತ್ತರ: ನಿಮ್ಮ ಭಯ ಸಹಜ. ಆದರೆ ‘ನೆನೆದ ರಟ್ಟು’ ಎಂದು ಬರೆದು ಉತ್ತರವನ್ನೂ ನೀವೇ ಕೊಟ್ಟಿದ್ದೀರಿ. ಹಳೆಯದಾದ ಬಿಯರ್‌ನ ರುಚಿಗೆ ಬಿಯರ್ ಕಸುಬಿನವರು ಹೇಳುವ ಮಾತೂ ಅದೇ. ಬಾಟಲಿಯೊಳಗೆ ಉಳಿದ ಚೂರು ಆಮ್ಲಜನಕ ಬಿಸಿಲಿನ ಶಾಖದಲ್ಲಿ ಬೇಗ ಕೆಲಸ ಮಾಡುತ್ತದೆ. ತಂಪಿನಲ್ಲಿ ತಿಂಗಳುಗಟ್ಟಲೆ ತಡೆಯುವ ಬಿಯರ್ ನಮ್ಮ ಕಡೆಯ 42 ಡಿಗ್ರಿಯಲ್ಲಿ, ತಗಡಿನ ಗೋದಾಮಿನಲ್ಲಿ ಕೆಲವೇ ವಾರಕ್ಕೆ ಮುದಿಯಾಗುತ್ತದೆ. ರುಚಿ ಹೋಗಿರುತ್ತದೆ, ಅದು ವಿಷವಲ್ಲ.

ಬಿಸಿಲಿಗೆ ಇಟ್ಟ ಹಸಿರು ಅಥವಾ ಬಿಳಿ ಬಾಟಲಿಯದು ಬೇರೆ ಕಥೆ. ಬೆಳಕು ತಾಗಿ ಹಾಪ್ಸ್‌ನ ಕಹಿ ಒಡೆದು ಗಂಧಕದ ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಆ ಬೆಳಕನ್ನು ಬಹುಪಾಲು ತಡೆಯುತ್ತದೆ. ಕೊಳ್ಳುವಾಗ ಮೊದಲು ತಯಾರಿಕೆಯ ತಿಂಗಳು ನೋಡಿ, ಆಮೇಲೆ ಬ್ರಾಂಡ್. ಮುಚ್ಚಳ ಸಡಿಲವಿದ್ದರೆ, ಲೇಬಲ್ ಕಿತ್ತು ಅಂಟಿಸಿದಂತಿದ್ದರೆ ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದಾಗ, ಬಿಯರ್ ಅಲ್ಲೇ ತಯಾರಿಸಿ ಕೊಡುವ ಹೋಟೆಲಿಗೆ ಕರೆದೊಯ್ದ. ಕೊಟ್ಟಿದ್ದು ಕದಡಿದ ಬಣ್ಣ, ಬಾಳೆಹಣ್ಣು ಲವಂಗದ ವಾಸನೆ. ಒಂದು ಗುಟುಕಿಗೇ ಬಿಟ್ಟೆ. ಎಸೆನ್ಸು, ಕೆಮಿಕಲ್ ಹಾಕುತ್ತಾರಾ? ಮಗ ವಾರಕ್ಕೊಮ್ಮೆ ಅದನ್ನೇ ಕುಡಿಯುತ್ತಾನಂತೆ. (ಮಾನ್ವಿ)

ಉತ್ತರ: ಕಲಬೆರಕೆ ಮದ್ಯದ ಸುದ್ದಿ ಕೇಳುತ್ತಲೇ ಇರುವ ರಾಯಚೂರು ಜಿಲ್ಲೆಯವರು ನೀವು. ಅನುಮಾನ ಬಂದದ್ದು ತಪ್ಪಲ್ಲ. ಆದರೆ ಅದರಲ್ಲಿ ಬಾಳೆಹಣ್ಣೂ ಇಲ್ಲ, ಎಸೆನ್ಸೂ ಇಲ್ಲ. ಅದು ಗೋಧಿ ಬಿಯರ್, ಜರ್ಮನಿಯ ಬವೇರಿಯಾ ಪ್ರಾಂತ್ಯದ ಹಳೆಯ ಬಗೆ. ಅದಕ್ಕೆ ಬಳಸುವ ಯೀಸ್ಟ್ (ಸಕ್ಕರೆಯನ್ನು ಮದ್ಯಸಾರವಾಗಿಸುವ ಸೂಕ್ಷ್ಮಜೀವಿ) ಹುದುಗುವಾಗ ತಾನೇ ಆ ವಾಸನೆಗಳನ್ನು ಬಿಡುತ್ತದೆ. ಮಾಗಿದ ಬಾಳೆಹಣ್ಣಿನ ಘಮದಲ್ಲಿ ಇರುವುದೂ ಅದೇ ವಸ್ತು. ಸೋಸದೆ ಕೊಡುವುದರಿಂದ ಗೋಧಿಯ ಅಂಶವೂ ಯೀಸ್ಟೂ ಉಳಿದು ಬಣ್ಣ ಕದಡಿರುತ್ತದೆ.

ನೀವು ಒಂದು ಗುಟುಕಿಗೆ ಬಿಟ್ಟದ್ದರಲ್ಲೂ ಆಶ್ಚರ್ಯವಿಲ್ಲ. ಮೂಗು ಬಾಳೆಹಣ್ಣು ಎಂದು ಹೇಳಿದಾಗ ನಾಲಿಗೆ ಸಿಹಿಗೆ ಕಾಯುತ್ತದೆ, ಸಿಕ್ಕಿದ್ದು ಕಹಿ. ಮಗನಿಗೆ ಅದೇ ಇಷ್ಟವಾದರೆ ಆಗಲಿ. ರುಚಿಯ ವಿಷಯದಲ್ಲಿ ಅಪ್ಪ ಮಕ್ಕಳು ಒಪ್ಪಲೇಬೇಕೆಂದಿಲ್ಲ. ಎಷ್ಟು ಕುಡಿಯುತ್ತಾನೆ, ಮನೆಗೆ ಹೇಗೆ ಹೋಗುತ್ತಾನೆ, ಇಷ್ಟು ಕೇಳಿ. ಏನು ಕುಡಿಯುತ್ತಾನೆ ಎಂಬುದನ್ನು ಅವನಿಗೆ ಬಿಡಿ.

ಪ್ರಶ್ನೆ: ನನಗೆ ಬಿಯರ್ ರುಚಿಯೇ ಹಿಡಿಸದು. ಆದರೆ ಕಿಡ್ನಿಯಲ್ಲಿ ಸಣ್ಣ ಕಲ್ಲಿದೆ. ದಿನಾ ಒಂದು ಬಿಯರ್ ಕುಡಿದರೆ ಕರಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೂಗು ಹಿಡಿದು ಕುಡಿಯುತ್ತಿದ್ದೇನೆ. (ರಾಯಚೂರು)

ಉತ್ತರ: ಇಂದೇ ನಿಲ್ಲಿಸಿ, ನಿಮ್ಮ ಮೂಗಿಗೂ ಬಿಡುವು ಸಿಗಲಿ. ಬಿಯರ್ ಕಲ್ಲನ್ನು ಕರಗಿಸುವುದಿಲ್ಲ. ಮೂತ್ರ ಹೆಚ್ಚು ಹೋಗುವುದು ನಿಜ, ಈ ನಂಬಿಕೆ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಮೂತ್ರವನ್ನು ತಡೆದು ನೀರು ಉಳಿಸುವ ಹಾರ್ಮೋನನ್ನು ಮದ್ಯಸಾರ ಅಡಗಿಸುತ್ತದೆ. ಹಾಗಾಗಿ ದೇಹ ಒಣಗುತ್ತದೆ. ಬಿಯರ್‌ನಿಂದ ಯೂರಿಕ್ ಆಮ್ಲವೂ ಏರುತ್ತದೆ, ಕೆಲವರಲ್ಲಿ ಅದೇ ಕಲ್ಲಾಗುತ್ತದೆ.

5 ಮಿ.ಮೀ.ಗಿಂತ ಸಣ್ಣ ಕಲ್ಲುಗಳು ಬಹುತೇಕ ತಾವಾಗಿ ಹೊರಬೀಳುತ್ತವೆ, ಬೇಕಾದದ್ದು ನೀರು. ನಮ್ಮ ಸೆಕೆಯಲ್ಲಿ ಬೆವರಿಗೇ ಅರ್ಧ ಹೋಗುತ್ತದೆ. ಆದ್ದರಿಂದ ಲೋಟ ಎಣಿಸಬೇಡಿ, ಮೂತ್ರದ ಬಣ್ಣ ನೋಡಿ. ತಿಳಿಯಾಗುವವರೆಗೆ ಕುಡಿಯುತ್ತಿರಿ. ನೋವಿನ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೀಗ 66. ಚಿಕ್ಕಂದಿನಲ್ಲಿ ಅಪ್ಪ ಈಚಲ ಮರದ ಸೇಂದಿ ತರುತ್ತಿದ್ದ. ಆ ಹುಳಿಸಿಹಿ ಯಾವ ಬಿಯರ್‌ನಲ್ಲೂ ಸಿಗಲಿಲ್ಲ. ಈಗ ಒಬ್ಬರು ಗುಟ್ಟಾಗಿ ಸೇಂದಿ ಕೊಡುತ್ತೇನೆ ಎನ್ನುತ್ತಾರೆ. ಆಸೆಯೂ ಇದೆ, ಅಂಜಿಕೆಯೂ ಇದೆ. (ಮಸರಕಲ್)

ಉತ್ತರ: ಈ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಆಸೆಯೂ ಅರ್ಥವಾಯಿತು, ಅಂಜಿಕೆಯೂ.

ಮೊದಲು ಆಸೆಯ ಮಾತು. ಬಿಯರ್‌ನಲ್ಲಿ ಆ ರುಚಿ ಸಿಗುವುದು ಸಾಧ್ಯವೇ ಇರಲಿಲ್ಲ. ಬಿಯರ್ ಆಗುವುದು ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಹಾಪ್ಸ್ ಹಾಕಿ ಕುದಿಸಿ, ಸಾಕಿದ ಯೀಸ್ಟ್ ಬೆರೆಸಿ. ಸೇಂದಿಗೆ ಒಲೆಯೇ ಇಲ್ಲ. ಮರದ ಸಿಹಿರಸಕ್ಕೆ ಗಾಳಿಯ ಯೀಸ್ಟೂ ಗಡಿಗೆಯ ಬ್ಯಾಕ್ಟೀರಿಯಾವೂ ತಾವೇ ಬಂದು ಸೇರುತ್ತವೆ. ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಹುಳಿ, ಮರುದಿನ ವಿನಿಗರ್. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಎಂಬ ಹುಳಿ ಬಿಯರ್ ಮಾಡುತ್ತಾರೆ. ಅಲ್ಲಿಯೂ ಕುದಿಸಿದ ರಸವನ್ನು ರಾತ್ರಿಯಿಡೀ ತೆರೆದಿಟ್ಟು ಗಾಳಿಯ ಯೀಸ್ಟಿಗೇ ಬಿಡುತ್ತಾರೆ. ನಿಮ್ಮ ತಂದೆ ತರುತ್ತಿದ್ದುದು ಅದರ ದೂರದ ನೆಂಟ.

ಈಗ ಅಂಜಿಕೆ. ಅದನ್ನು ಬಿಡಬೇಡಿ, ಅದು ನಿಮ್ಮನ್ನು ಕಾಯುತ್ತಿದೆ. ಕರಾವಳಿ ಬಿಟ್ಟು ರಾಜ್ಯದಲ್ಲಿ ಸೇಂದಿ 2004ರಲ್ಲಿ ನಿಷೇಧವಾಯಿತು, ಸಾರಾಯಿ 2007ರ ಜುಲೈಯಲ್ಲಿ. ಆಮೇಲೂ ರಾಯಚೂರಿನ ಕಡೆ ‘ಸೇಂದಿ’ ಎಂದು ಗುಟ್ಟಾಗಿ ಮಾರಿದ್ದರಲ್ಲಿ ಸಿ.ಎಚ್. ಪೌಡರ್ ಸಿಕ್ಕಿಬಿದ್ದದ್ದು ಎಷ್ಟೋ ಸಲ. ಅದು ಕ್ಲೋರಲ್ ಹೈಡ್ರೇಟ್ (ಹಿಂದೆ ನಿದ್ದೆಗೆ ಕೊಡುತ್ತಿದ್ದ ರಾಸಾಯನಿಕ). ನೀರು, ಸಕ್ಕರೆ, ಆ ಪುಡಿ ಇದ್ದರೆ ಮರವೇ ಬೇಕಿಲ್ಲ. ಮಿತಿ ಮೀರಿದರೆ ಉಸಿರೇ ನಿಲ್ಲುತ್ತದೆ. ದಿನಾ ಕುಡಿದ ದೇಹ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಸಿಗದಿದ್ದರೆ ಕೈ ನಡುಕ, ನಿದ್ದೆಗೇಡು, ಬಡಬಡಿಕೆ, ಫಿಟ್ಸ್. ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾರೆ. ಅದು ಗಾಳಿಯಲ್ಲ, ಔಷಧ ಇರುವ ಕಾಯಿಲೆ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ರಾಯಚೂರಿನ ರಿಮ್ಸ್‌ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲೇ ಕಟ್ಟಿಹಾಕಿ ಬಿಡಿಸಲು ಹೋಗಬೇಡಿ. ದಾರಿ ಕೇಳಲು 14416 ಸಂಖ್ಯೆಯ ಟೆಲಿಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಇದೆ, ಕರೆಗೆ ದುಡ್ಡಿಲ್ಲ.

ಮರದಿಂದಲೇ ಇಳಿಸಿದ್ದು ಎಂದು ಆಣೆ ಇಟ್ಟರೂ ಆ ಗುಟ್ಟಿನ ಸೇಂದಿ ಬೇಡ. ನೀವು ಹುಡುಕುತ್ತಿರುವ ಹುಳಿ ಬೇರೆ ಕಡೆಯೂ ಇದೆ. ಜೋಳದ ಹಿಟ್ಟನ್ನು ರಾತ್ರಿ ಕಲಸಿಟ್ಟು ಹುಳಿ ಬಂದ ಮೇಲೆ ಕಾಸಿದ ಅಂಬಲಿಗೆ ಚೂರು ಬೆಲ್ಲ ಹಾಕಿ ಕುಡಿದು ನೋಡಿ. ಸೇಂದಿಯನ್ನು ಹುಳಿಯಾಗಿಸುತ್ತಿದ್ದ ಬ್ಯಾಕ್ಟೀರಿಯಾದ ಬಳಗವೇ ಅದರಲ್ಲೂ ಇದೆ. ದಕ್ಷಿಣ ಆಫ್ರಿಕಾದವರು ಜೋಳದಿಂದಲೇ ಹುಳಿ ಬಿಯರ್ ಮಾಡುತ್ತಾರೆ. ನಮ್ಮವರು ಅಂಬಲಿಗೇ ನಿಲ್ಲಿಸಿದರು. ಅಪ್ಪನ ಕೈಯ ಗಡಿಗೆಯ ರುಚಿ ಇದರಲ್ಲಿ ಪೂರ್ತಿ ಬರುತ್ತದೆ ಎಂದು ಸುಳ್ಳು ಹೇಳಲಾರೆ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಿ. ನಿಮಗೆ ಯಾವುದು ಇಷ್ಟ? (ರಾಯಚೂರು, ಒಬ್ಬ ಗೃಹಿಣಿ)

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಹಿಂದೆ ಬಿಯರ್ ರುಚಿ ನೋಡುವ ಕೆಲಸದಲ್ಲಿದ್ದಾಗ ಬೆಳಿಗ್ಗೆ 11 ಗಂಟೆಗೆ, ಹೊಟ್ಟೆ ಹಸಿದಾಗ, ಹತ್ತು ಗ್ಲಾಸುಗಳ ಮುಂದೆ ಕೂರುತ್ತಿದ್ದೆ. ವೈನ್ ಪರೀಕ್ಷಿಸುವವರು ಉಗುಳುತ್ತಾರೆ, ಬಿಯರ್‌ನವರು ಸಾಮಾನ್ಯವಾಗಿ ನುಂಗುತ್ತಾರೆ, ನುಂಗಿದ ಮೇಲೆ ಉಳಿಯುವ ಕಹಿಯನ್ನೂ ನೋಡಬೇಕು. ಅಷ್ಟು ಕುಡಿದ ಮೇಲೆ ಸಂಜೆ ಬಿಯರ್ ಹೆಸರೆತ್ತಿದರೂ ಬೇಜಾರು.

ಈಗ ವರ್ಷಕ್ಕೆ ಒಂದೆರಡು ಸಲ, ಡಿಸೆಂಬರಿನ ಚಳಿಯಲ್ಲಿ, ಸ್ಟೌಟ್ (ಕಪ್ಪಗೆ ಹುರಿದ ಬಾರ್ಲಿಯಿಂದ ಮಾಡಿದ ಬಿಯರ್) ಒಂದು ಸಣ್ಣ ಗ್ಲಾಸು. ಐಸಿನಷ್ಟು ತಣ್ಣಗೆ ಬೇಡ, ವಾಸನೆ ಸತ್ತುಹೋಗುತ್ತದೆ. ತುಸು ಬೆಚ್ಚಗಾದ ಮೇಲೆ ಅದರಿಂದ ಒಂದು ಘಮ ಏಳುತ್ತದೆ. ಕೆಲವರು ಕಾಫಿ ಎನ್ನುತ್ತಾರೆ, ಕೆಲವರು ಚಾಕೊಲೇಟ್. ನನಗೆ ಹೆಂಚಿನ ಮೇಲೆ ಅಂಚು ಸೀದ ಜೋಳದ ರೊಟ್ಟಿ.