ಹಣ್ಣಿನ ಸಿಪ್ಪೆಯಿಂದ ಜೈವಿಕ ವಿಘಟನೀಯ ಪ್ಯಾಕೇಜಿಂಗ್: ಪೆಕ್ಟಿನ್ ಫಿಲ್ಮ್

1. ಪೆಕ್ಟಿನ್: ಸಸ್ಯಕೋಶ ಭಿತ್ತಿಯ ಪಾಲಿಸ್ಯಾಕರೈಡ್. ಮುಖ್ಯ ಘಟಕ ಗ್ಯಾಲಕ್ಟುರಾನಿಕ್ ಆಮ್ಲ. ಗ್ಲೂಕೋಸ್ ಎಂದು ಬರೆದರೆ ತಪ್ಪು (ಅದು ಪಿಷ್ಟ, ಸೆಲ್ಯುಲೋಸ್‌ಗಳ ಘಟಕ).
2. ಬೇರ್ಪಡಿಸಿದವರು: ಹೆನ್ರಿ ಬ್ರಾಕೊನೊ, ಫ್ರಾನ್ಸ್, 1825. ಆಹಾರ ಸಂಕೇತ: ಇ440.
3. ಮೂಲ: ಕಿತ್ತಳೆ, ಮೂಸಂಬಿ, ನಿಂಬೆ ಸಿಪ್ಪೆ, ಸೇಬಿನ ಹಿಪ್ಪೆ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರ ಪೆಕ್ಟಿನ್‌ಗೆ. ಹೊರಗಿನ ಬಣ್ಣದ ಪದರ ಲಿಮೊನೀನ್ ಎಣ್ಣೆಗೆ. ಅದಲು ಬದಲು ಮಾಡಿ ಕೇಳುವುದುಂಟು.
4. ತಯಾರಿಕೆ: ಒಣಗಿಸಿ ಪುಡಿ → ಬಿಸಿ ಆಮ್ಲದಲ್ಲಿ ಕರಗಿಸಿ ಸೋಸುವುದು → ಆಲ್ಕೋಹಾಲ್ ಬೆರೆಸಿದಾಗ ಲೋಳೆಯಂತೆ ಬೇರ್ಪಡುವುದು → ನೀರು, ಗ್ಲಿಸರಾಲ್ ಜತೆ ತಟ್ಟೆಗೆ ಸುರಿದು ಒಣಗಿಸಿ ಹಾಳೆಯಾಗಿ ಬಿಡಿಸುವುದು. ಗ್ಲಿಸರಾಲ್ ಪಾತ್ರ: ಪ್ಲಾಸ್ಟಿಸೈಸರ್, ಇಲ್ಲದಿದ್ದರೆ ಹಾಳೆ ಪೆಡಸಾಗಿ ಮುರಿಯುತ್ತದೆ.
5. ದೌರ್ಬಲ್ಯ: ತೇವ ತಡೆಯದು. ಕ್ಯಾಲ್ಸಿಯಂ ಅಯಾನುಗಳಿಂದ ಅಡ್ಡಬಂಧ ಕೊಟ್ಟರೆ ಸುಧಾರಣೆ.

ಗೊಂದಲ ಬೇಡ:
• ಜೈವಿಕ ಮೂಲದ್ದೆಲ್ಲ ವಿಘಟನೀಯವಲ್ಲ. ಕಬ್ಬಿನ ಎಥನಾಲ್‌ನಿಂದ ಮಾಡಿದ ಪಾಲಿಥೀನ್ ಕೊಳೆಯದು. ಅಭ್ಯರ್ಥಿಗಳು ಹೆಚ್ಚು ಎಡವುವುದು ಇಲ್ಲೇ.
• ಜೈವಿಕ ಪ್ಲಾಸ್ಟಿಕ್‌ಗಳು: ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ) ತಯಾರಾಗುವುದು ಲ್ಯಾಕ್ಟಿಕ್ ಆಮ್ಲದಿಂದ. ಪಿಎಚ್‌ಎ (ಪಾಲಿಹೈಡ್ರಾಕ್ಸಿಆಲ್ಕನೋಯೇಟ್) ತಯಾರಾಗುವುದು ಬ್ಯಾಕ್ಟೀರಿಯಾ ಕೋಶದೊಳಗೆ.
• ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು: 2016. ಗುರುತಿಸಿದ ಏಕಬಳಕೆ ವಸ್ತುಗಳ ನಿಷೇಧ ಜಾರಿ: 2022 ಜುಲೈ 1. ಕ್ಯಾರಿಬ್ಯಾಗ್ ಕನಿಷ್ಠ ದಪ್ಪ 120 ಮೈಕ್ರಾನ್. ಕಾಂಪೋಸ್ಟ್ ಆಗುವ ಚೀಲಕ್ಕೆ ಈ ಮಿತಿ ಇಲ್ಲ.
• ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ: ಮೈಸೂರು, 1950.